ಪುಟ್ಟಿ ಒಣಗುವ ತನಕ

"ಇದನ್ನ ನಾನು ಹಾಕಲ್ಲ ಮೇಡಂ. ವಾಪಸ್ ತಗೊಂಡು ಹೋಗಿ."

ಮುಖಕ್ಕೆ ಕಟ್ಟಿದ್ದ ಮಾಸ್ಕ್ ಕೂಡ ತೆಗೆಯದೆ ಕಾರು ಬಾಡಿ ಕೆಲಸದ ಅಂಗಡಿಯವನು ಹೇಳಿದ. ಮೈತುಂಬ ಬೂದುಬಣ್ಣದ ಧೂಳು, ಹುಬ್ಬಿನ ಮೇಲೂ ಧೂಳು, ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ಅವಳನ್ನು ನೋಡುತ್ತಿರಲಿಲ್ಲ. ಅವಳ ಹಿಂದೆ ನಿಂತಿದ್ದ ಹಳೇ ಬಿಳಿ ಕಾರನ್ನು, ಅದರ ತಲೆಯ ಮೇಲೆ ಹಗ್ಗ ಬಿಗಿದು ಕಟ್ಟಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ನೋಡುತ್ತಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಬಾಡಿ ಕಿಟ್. ಎಂದರೆ ಕಾರಿಗೆ ಒಂದು ಹೊಸ ಮೂತಿ, ಎರಡು ಹೊಸ ಪಕ್ಕೆ, ಹಿಂದಕ್ಕೊಂದು ಸಣ್ಣ ರೆಕ್ಕೆ. ಕಾರು ಓಡುವುದಕ್ಕೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನೋಡಲು ಚೆಂದ, ಅಷ್ಟೇ.

"ಯಾಕೆ ಹಾಕಲ್ಲ?" ಎಂದಳು ಅವಳು.

ಅವನು ಕೈಯಲ್ಲಿದ್ದ ಉಪ್ಪುಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆಯಲ್ಲಿ ಬರುವ ಕಿಟ್ ಯಾವುದೂ ನೇರವಾಗಿ ಕೂರುವುದಿಲ್ಲ, ಕೂರುವ ಹಾಗೆ ಮಾಡಬೇಕು, ಹಾಗೆ ಮಾಡಿ ತಾನು ಬಿಲ್ ಕೊಟ್ಟರೆ ಅವಳು ಬಿಲ್ ನೋಡಿ ಕಾರನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ ಎಂದು ವಿವರಿಸಿದ. ಆಮೇಲೆ ಮೊದಲ ಸಲ ಅವಳ ಮುಖ ನೋಡಿ ಕೇಳಿದ.

"ಯಾರು ಹಾಕ್ಸು ಅಂದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಆದರೆ ಯಾರೂ ಹೇಳದೆ ತಾನು ಏನಾದರೂ ಮಾಡಿ ಎಷ್ಟು ಕಾಲವಾಯಿತು ಎಂದು ಯೋಚಿಸುತ್ತ ಅಲ್ಲೇ ನಿಂತುಬಿಟ್ಟಳು. ಅವನಿಗೆ ಅದು ಅರ್ಥವಾಗಲಿಲ್ಲ. ಯಾರೋ ಹುಡುಗನ ಹುಚ್ಚಿಗೆ ಈ ಹುಡುಗಿ ಕುಣಿಯುತ್ತಿದ್ದಾಳೆ ಎಂದೇ ಅಂದುಕೊಂಡ.

"ಹಾಗಿದ್ರೆ ನಾನೇ ಹಾಕ್ಕೋತೀನಿ" ಎಂದಳು.

"ಒಬ್ಬರೇನಾ?"

"ಹೂಂ."

"ಬಂಪರ್‌ಗೆ ಎರಡು ತುದಿ ಇರುತ್ತೆ ಮೇಡಂ. ನೀವು ಈ ತುದಿ ಎತ್ತಿದ್ರೆ ಆ ತುದಿ ನೆಲ ನೋಡುತ್ತೆ. ಒಬ್ಬರಿಂದ ಆಗೋ ಕೆಲಸ ಅಲ್ಲ ಇದು."

ಬೇರೆ ಯಾರೇ ಆಗಿದ್ದರೂ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಕಣ್ಣು ಕೆಂಪಾಗುತ್ತಿತ್ತು, ನಾಲ್ಕು ಮಾತು ಬರುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತು ಎಂದು ಮಾತ್ರ ತಿಳಿಯಿತು. ಹಗ್ಗ ಸಡಿಲವಾಗಿದ್ದ ಕಡೆ ಮತ್ತೆ ಬಿಗಿದು ಕಾರು ತಿರುಗಿಸಿಕೊಂಡು ಹೊರಟಳು.

ಅವನು ಬಾಗಿಲಲ್ಲೇ ನಿಂತು ನೋಡಿದ. ಕರೆಯೋಣ ಎನ್ನಿಸಿತು, ಕರೆಯಲಿಲ್ಲ. ಮಾಸ್ಕ್ ಹಾಕಿಕೊಂಡವರಿಗೆ ಅದೊಂದು ಅನುಕೂಲ. ಸುಮ್ಮನಿದ್ದರೂ ಯಾರೂ ಯಾಕೆ ಎಂದು ಕೇಳುವುದಿಲ್ಲ.

* * *

ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದ ಜಾಗದಲ್ಲೇ ಇರುತ್ತದೆ, ಇದೆ ಎಂದು ಗೊತ್ತಾಗುವುದಿಲ್ಲ. ಅವಳಿಗೆ ಮೈಯೆಲ್ಲ, ಮನಸ್ಸೆಲ್ಲ ಹಾಗಾಗಿತ್ತು.

ಹಲ್ಲಿನ ಮಾತು ಸುಮ್ಮನೆ ತರಲಿಲ್ಲ. ಅವಳ ಕೆಲಸವೇ ಅದು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚು ನೋಡಿ, ಅದಕ್ಕೆ ತಕ್ಕ ಕೃತಕ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿದ್ದಳು. ಹಲ್ಲನ್ನು ಅಚ್ಚಿನ ಮೇಲೆ ಕೂರಿಸುವುದು, ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು ಕಚ್ಚಿಸುವುದು, ನೀಲಿ ಹತ್ತಿದ ಕಡೆ ಉಜ್ಜುವುದು, ಮತ್ತೆ ಕೂರಿಸುವುದು. ಲ್ಯಾಬಿನ ಯಜಮಾನರು ಕೆಲಸ ಕಲಿಸುವಾಗ ಒಂದೇ ಒಂದು ಸೂತ್ರ ಹೇಳಿಕೊಟ್ಟಿದ್ದರು. ಬಾಯಿ ಯಾವತ್ತೂ ಸರಿ, ತಪ್ಪು ಅಂತ ಇದ್ದರೆ ಅದು ಹಲ್ಲಿನದ್ದೇ.

ಅವಳು ಆ ಸೂತ್ರವನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಮದುವೆ ನಿಶ್ಚಯವಾಗಿತ್ತು. ಮೂರು ವರ್ಷ ನಿಶ್ಚಯವಾಗಿಯೇ ಇತ್ತು. ಗಂಡಿನ ಮನೆಯವರಿಗೆ ಅವಳು ಜೋರಾಗಿ ನಗುವುದು ಹಿಡಿಸಲಿಲ್ಲ, ನಗು ಸಣ್ಣದಾಯಿತು. ಗಿಡ್ಡ ಕೂದಲು ಹಿಡಿಸಲಿಲ್ಲ, ಉದ್ದ ಬಿಟ್ಟಳು. ಗೆಳತಿಯರ ಜೊತೆ ಸುತ್ತುವುದು, ತಾನೇ ಕಾರು ಓಡಿಸಿಕೊಂಡು ದೂರ ಹೋಗುವುದು, ಎದುರು ಮಾತು, ಖಾರ, ಬಣ್ಣದ ಬಟ್ಟೆ... ಒಂದೊಂದನ್ನೂ ಉಜ್ಜಿದಳು. ಎಷ್ಟು ಉಜ್ಜಿದರೂ ಎಲ್ಲೋ ಒಂದು ಕಡೆ ತಾಗುತ್ತಲೇ ಇತ್ತು. ಕೊನೆಗೆ ಒಂದು ದಿನ ಮದುವೆಯಾಗಬೇಕಿದ್ದ ಹುಡುಗ ಫೋನ್ ಮಾಡಿ, "ತುಂಬಾ ಯೋಚನೆ ಮಾಡಿದೆ, ನೀನು ನಮ್ಮನೆಗೆ ಹೊಂದಲ್ಲ" ಎಂದ.

ಅವಳು "ಸರಿ" ಎಂದಳು. ಫೋನ್ ಇಟ್ಟು, ಅರ್ಧಕ್ಕೆ ಬಿಟ್ಟಿದ್ದ ದವಡೆ ಹಲ್ಲನ್ನು ಎತ್ತಿಕೊಂಡು ಕೆಲಸ ಮುಂದುವರಿಸಿದಳು.

ಮನೆಯಲ್ಲಿ ಎಲ್ಲರೂ ಅವಳು ಅಳುವುದನ್ನೇ ಕಾದರು. ಅವಳು ಅಳದಿದ್ದಾಗ ಅಮ್ಮ ಅತ್ತಳು. ಅಣ್ಣ ಸಿಟ್ಟುಮಾಡಿಕೊಂಡು ಆ ಮನೆಗೆ ಹೋಗಿ ಕೂಗಾಡಿ ಬಂದ. ಅತ್ತಿಗೆ ಕೂತಲ್ಲಿ ನಿಂತಲ್ಲಿ ಶಾಪ ಹಾಕಿದಳು. ಹೀಗೆ ಅವಳ ಪಾಲಿನ ಅಳು, ಸಿಟ್ಟು, ಶಾಪ ಎಲ್ಲವನ್ನೂ ಮನೆಯವರೇ ಹಂಚಿಕೊಂಡು ಮುಗಿಸಿದರು. ಅವಳಿಗೆ ಅಂತ ಏನೂ ಉಳಿಯಲಿಲ್ಲ. ಪ್ರೀತಿಯಿಂದಲೇ ಮಾಡಿದರು ಪಾಪ. ಪ್ರೀತಿ ಮಾಡುವವರು ಒಮ್ಮೊಮ್ಮೆ ಹೀಗೆ ಕೈಯಲ್ಲಿದ್ದದ್ದನ್ನೂ ಕಿತ್ತುಕೊಳ್ಳುತ್ತಾರೆ.

ಎಷ್ಟೋ ತಿಂಗಳ ಮೇಲೆ, ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ ಅವಳ ಫೋನಿನಲ್ಲಿ ಒಂದು ಚಿತ್ರ ಬಂತು. ತನ್ನದೇ ಕಾರಿನಂಥ ಕಾರು, ಅದೇ ಹಳೇ ಮಾಡೆಲ್. ಆದರೆ ನೆಲಕ್ಕೆ ತಗ್ಗಿದ ಮೂತಿ, ಚೂಪು ಪಕ್ಕೆ, ಬೆನ್ನ ಮೇಲೆ ರೆಕ್ಕೆ. ಯಾರಿಗೂ ಹೆದರದ ಹಾಗೆ ನಿಂತಿತ್ತು.

'ಇದು ನನಗೆ ಬೇಕು.'

ಹಾಗೆಂದು ಒಳಗಿನಿಂದ ಬಂತು. ಅವಳು ಡಬ್ಬಿ ಹಿಡಿದುಕೊಂಡು ಅಲುಗದೆ ಕುಳಿತಳು. ಮನಸ್ಸು 'ಬೇಕು' ಎಂದು ಎಷ್ಟು ಕಾಲವಾಗಿತ್ತು! ಬೇಕೆನ್ನಿಸಿದ್ದು ಹೊರಟುಹೋಗುತ್ತದೇನೋ ಎಂಬ ಭಯಕ್ಕೆ ಅಲ್ಲೇ ಫೋನಿನಲ್ಲಿ ಕಿಟ್ ಆರ್ಡರ್ ಮಾಡಿಬಿಟ್ಟಳು. ಇದೂ ಆಗದಿದ್ದರೆ ತನ್ನೊಳಗೆ ಇನ್ನು ಏನೂ ಇಲ್ಲವೆಂದು ಖಾತ್ರಿಯಾಗುತ್ತದೆ, ಆಮೇಲೆ ಯಾರು ಹೇಗೆ ಬೇಕಾದರೂ ಉಜ್ಜಿಕೊಳ್ಳಲಿ ಎಂದುಕೊಂಡಳು.

ಪೆಟ್ಟಿಗೆ ಬಂದ ದಿನ ಅಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು. ಇಂಜಿನ್ ಕೆಮ್ಮುತ್ತದೆ, ಕಿಟಕಿ ಇಳಿಯುವುದಿಲ್ಲ, ಇಂಥ ಕಾರಿಗೆ ಅಲಂಕಾರ ಬೇರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಹೇಳಿ ಒಳಗೆ ಹೋದಳು.

ಅಣ್ಣ ಮಾತ್ರ ನಗಲಿಲ್ಲ. "ಪುಟ್ಟಿ, ಎಲ್ಲಾದರೂ ಒಳ್ಳೇ ಶಾಪಿಗೆ ಕೊಟ್ಬಿಡೋಣ. ದುಡ್ಡು ನಾನು ಕೊಡ್ತೀನಿ" ಎಂದ. ಮೂವತ್ತು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ.

"ನೀನು ಕೊಡಬೇಡ ಅಣ್ಣ. ಇದೊಂದನ್ನ ನಾನೇ ನೋಡ್ಕೋತೀನಿ."

ಶಾಪಿನವನೂ ಆಗುವುದಿಲ್ಲ ಎಂದು ಕಳಿಸಿದ ಮೇಲೆ, ಅಕ್ಷರಶಃ ಅವಳೇ ನೋಡಿಕೊಳ್ಳಬೇಕಾಯಿತು.

* * *

ಅವಳ ವರ್ಕ್‌ಶಾಪ್ ಎಂದರೆ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್. ಎರಡು ಕಂಬಗಳ ನಡುವಿನ ಜಾಗ, ಒಂದು ಟ್ಯೂಬ್‌ಲೈಟು, ಮೂಲೆಯಲ್ಲಿ ನೀರಿನ ಪಂಪಿನ ಸದ್ದು. ಲ್ಯಾಬಿನಿಂದ ಬಂದವಳೇ ಹಳೇ ಶರ್ಟು ಹಾಕಿಕೊಂಡು ಇಳಿಯುತ್ತಿದ್ದಳು. ಫೋನಿನಲ್ಲಿ ವಿಡಿಯೋ ನೋಡಿ ಚಕ್ರದ ಗೂಡಿನೊಳಗಿನ ಸ್ಕ್ರೂ ಬಿಚ್ಚಿದಳು, ಕ್ಲಿಪ್ಪು ಕೀಳುವಾಗ ಎರಡು ಉಗುರು ಮುರಿದುಕೊಂಡಳು. ಹಳೇ ಬಂಪರ್ ಕಳಚಿ ಬಂದಾಗ ಕಾರು ಹಲ್ಲಿನ ಸೆಟ್ಟು ತೆಗೆದಿಟ್ಟ ಅಜ್ಜನ ಹಾಗೆ ಕಂಡಿತು.

ಹೊಸದನ್ನು ಎತ್ತಿ ಹಿಡಿದಳು. ಒಂದು ತುದಿ ನೆಲ ನೋಡಿತು. ಇನ್ನೊಂದು ಕಡೆಯಿಂದ ಎತ್ತಿದಳು. ಇದು ನೆಲ ನೋಡಿತು.

"ಆ ಕಡೆ ನಾನು ಹಿಡ್ಕೊಳ್ಲಾ?"

ಕಂಬದ ಪಕ್ಕ ಯಾರೋ ನಿಂತಿದ್ದರು. ಧೂಳು ತೊಳೆದುಕೊಂಡು, ತಲೆ ಬಾಚಿಕೊಂಡು ಬಂದಿದ್ದವನನ್ನು ಅವಳು ಗುರುತು ಹಿಡಿದದ್ದು ಕಣ್ಣಿನಿಂದ. ಈ ಕಡೆ ಒಂದು ಗಾಡಿ ನೋಡಲು ಬಂದಿದ್ದೆ, ಕಾರು ಕಂಡಿತು ಎಂದ. ಅವಳು ನಂಬಿದಳು. ಬೇಡ ಎನ್ನುವಷ್ಟು ಮನಸ್ಸೂ ಇರಲಿಲ್ಲ. "ಹೂಂ" ಎಂದಳು.

ಅವನು ಹಿಡಿದುಕೊಂಡ. ಆ ಸಂಜೆ ಅವರಿಬ್ಬರೂ ಆಡಿದ ಮಾತು ಎಂದರೆ 'ಸ್ವಲ್ಪ ಮೇಲೆ', 'ಸ್ವಲ್ಪ ಕೆಳಗೆ', 'ಹಾಂ, ಹಾಗೇ', ಇಷ್ಟೇ.

ಮಾರನೇ ಸಂಜೆಯೂ ಬಂದ. ಅದರ ಮಾರನೇ ಸಂಜೆಯೂ. ಗಾಡಿ ನೋಡುವ ನೆಪ ಎಷ್ಟು ದಿನ ನಡೆದೀತು, ಆಮೇಲೆ ಅವನು ನೆಪ ಹೇಳುವುದನ್ನೇ ಬಿಟ್ಟ, ಅವಳು ಕೇಳುವುದನ್ನೂ ಬಿಟ್ಟಳು. ಬರುವಾಗ ಬೇಕರಿಯಿಂದ ಎರಡು ಬನ್ ತರುತ್ತಿದ್ದ. ಒಂದನ್ನು ಬಾನೆಟ್ ಮೇಲೆ ಇಟ್ಟು ಇನ್ನೊಂದನ್ನು ತಿನ್ನುತ್ತಿದ್ದ. ತಿನ್ನಿ ಎಂದು ಒಂದು ದಿನವೂ ಹೇಳಲಿಲ್ಲ. ಯಾರೂ ತಿನ್ನು ಎನ್ನದಿದ್ದರಿಂದಲೋ ಏನೋ, ಅವಳು ತಿನ್ನುತ್ತಿದ್ದಳು.

ಬಂಪರ್ ಮಾತ್ರ ಹಟಮಾರಿ. ಎಡತುದಿ ಸರಿಯಾಗಿ ಬಂದು ಮಡ್‌ಗಾರ್ಡಿಗೆ ಸೇರುತ್ತಿತ್ತು, ಬಲತುದಿ ಎಲ್ಲೋ ತಾಗಿ ಹೊರಗೆ ಚಾಚಿಕೊಳ್ಳುತ್ತಿತ್ತು. ಅವಳು ಲ್ಯಾಬಿನಿಂದ ನೀಲಿ ಕಾಗದ ತಂದಿದ್ದಳು. ನಡುವೆ ಇಟ್ಟು ಒತ್ತಿದಳು, ನೀಲಿ ಹತ್ತಿದ ಕಡೆ ಅರದಿಂದ ಉಜ್ಜಿದಳು. ಮತ್ತೆ ಇಟ್ಟಳು, ಮತ್ತೆ ಉಜ್ಜಿದಳು. ಅವನು ಬರುವಷ್ಟರಲ್ಲಿ ತುದಿ ಬೆರಳಗಲ ಸವೆದುಹೋಗಿತ್ತು.

ಅವನು ಅವಳ ಕೈಯಿಂದ ಅರ ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ.

"ಯಾಕೆ ಉಜ್ತಿದೀರಿ?"

"ಕೂರ್ತಿಲ್ಲ."

"ಬಂಪರ್ ಸರಿಯಾಗೇ ಇದೆ. ಕಾರು ಸೊಟ್ಟಗಿದೆ."

ಅವಳಿಗೆ ಅರ್ಥವಾಗಲಿಲ್ಲ. ಅವನು ಟಾರ್ಚು ಬಿಟ್ಟು ಚಕ್ರದ ಗೂಡಿನೊಳಗೆ ತೋರಿಸಿದ. ಯಾವ ಕಾಲದಲ್ಲೋ ಯಾವುದೋ ಗೋಡೆಗೆ ತಾಗಿ, ಬಂಪರ್ ಹಿಡಿಯುವ ಪಟ್ಟಿ ಒಳಗೊಳಗೇ ಬಗ್ಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಹಳೇ ಬಂಪರ್ ಆ ಸೊಟ್ಟಕ್ಕೆ ಹೊಂದಿಕೊಂಡು ತಾನೂ ಸೊಟ್ಟಗಾಗಿತ್ತು, ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಆವತ್ತು ಅಂಗಡಿಯಲ್ಲಿ ಸರಿಯಾಗಿ ನೋಡದೆ ಕಿಟ್ಟಿನ ಮೇಲೆ ತಪ್ಪು ಹೊರಿಸಿದ್ದು ತನ್ನದೂ ಅವಸರವೇ ಎಂದು ಅವನು ಒಪ್ಪಿಕೊಂಡ.

ಅವಳು ಆ ಬಗ್ಗಿದ ಪಟ್ಟಿಯನ್ನೇ ನೋಡುತ್ತಿದ್ದಳು.

'ತಪ್ಪು ಬಾಯಿಯದ್ದೂ ಇರಬಹುದಾ?'

ಈ ಯೋಚನೆ ಅವಳಿಗೆ ಜೀವನದಲ್ಲಿ ಬಂದೇ ಇರಲಿಲ್ಲ. ಮೂರು ವರ್ಷ ಹಲ್ಲನ್ನೇ ಉಜ್ಜಿದ್ದಳು. ಆ ಮನೆಯೇ ಸೊಟ್ಟಗಿದ್ದಿರಬಹುದು ಎಂದು ಅಮ್ಮ ಹೇಳಿದ್ದಳು, ಅಣ್ಣ ಹೇಳಿದ್ದ, ಗೋಡೆಗೆ ಹೇಳಿದ ಹಾಗಾಗಿತ್ತು. ಈಗ ಟಾರ್ಚಿನ ಬೆಳಕಲ್ಲಿ ತುಕ್ಕು ಹಿಡಿದ ಕಬ್ಬಿಣವೊಂದು ಅದನ್ನೇ ಹೇಳಿದಾಗ ತಲೆಗೆ ಹೋಯಿತು.

ಅಳು ಬರಲಿಲ್ಲ. ಆದರೆ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟಳು.

"ಉಜ್ಜಿ ಹಾಳು ಮಾಡ್ಬಿಟ್ಟೆ ಇದನ್ನ."

"ಹಾಳೇನಾಗಿಲ್ಲ. ಕಮ್ಮಿ ಆಗಿದೆ, ಅಷ್ಟೇ. ಕಮ್ಮಿ ಆಗಿದ್ದನ್ನ ಕಟ್ಟಬಹುದು."

ಪಟ್ಟಿಯನ್ನು ಬಡಿದು ನೇರ ಮಾಡಿದರು. ಸವೆದ ತುದಿಗೆ ಅವನು ಫೈಬರ್ ಅಂಟಿಸಿ, ಒಂದು ಹಲಗೆಯ ಮೇಲೆ ಪುಟ್ಟಿ ಕಲಸಿದ. ಬಾಡಿ ಕೆಲಸದವರು ತಗ್ಗು ತುಂಬಲು ಹಚ್ಚುವ ಮೆತ್ತನೆಯ ಪೇಸ್ಟಿಗೆ ಪುಟ್ಟಿ ಎನ್ನುತ್ತಾರೆ. ಜೊತೆಗೆ ಚೂರೇ ಚೂರು ಹಾರ್ಡ್ನರ್ ಸೇರಿಸಿದರೆ ನಿಧಾನಕ್ಕೆ ಗಟ್ಟಿಯಾಗುತ್ತದೆ.

ಮನೆಯಲ್ಲಿ ತನ್ನ ಹೆಸರೂ ಪುಟ್ಟಿಯೇ ಎಂದಳು ಅವಳು. ಹೇಳುವಾಗ ಅವಳ ಮುಖದಲ್ಲಿ ಸಣ್ಣಗೆ ನಗು ಬಂದದ್ದನ್ನು ಅವನು ನೋಡಿದ. ನೋಡುತ್ತ ನೋಡುತ್ತ ಹಾರ್ಡ್ನರ್ ಹಿಂಡಿಯೇ ಹಿಂಡಿದ. ತುದಿಗೆ ಹಚ್ಚುವ ಮೊದಲೇ ಪುಟ್ಟಿ ಹಲಗೆಯ ಮೇಲೇ ಕಲ್ಲಾಗಿ ಕೂತಿತು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು ತಲೆ ಕೆರೆದುಕೊಂಡು, ಹಲಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅವಳಿಗೆ ಕಂಡಿತ್ತು, ಹೇಳಲಿಲ್ಲ.

ಎರಡನೇ ಸಲ ಸರಿಯಾಗಿ ಕಲಸಿ ಹಚ್ಚಿದ. ನಾಳೆಯವರೆಗೆ ಮುಟ್ಟಬೇಡಿ ಎಂದ.

* * *

ಮಾರನೇ ದಿನ ಅವಳು ಕುಡಿಯುವ ನೀರು ತರಲು ಮನೆಗೆ ಹೋಗಿ ವಾಪಸ್ ಇಳಿದು ಬಂದಾಗ ಅವನು ಕಂಬಕ್ಕೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ. ಬೆನ್ನು ಈ ಕಡೆಗಿತ್ತು.

"ಪುಟ್ಟಿ ಪರವಾಗಿಲ್ಲ ಸರ್. ಮೊದಲಿಗಿಂತ ಎಷ್ಟೋ ಗಟ್ಟಿ. ಸದ್ಯಕ್ಕೆ ಯಾರೂ ಕೈ ಹಾಕಬೇಡಿ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ."

ಅವಳು ಮೆಟ್ಟಿಲ ಮೇಲೇ ನಿಂತು ನಸುನಕ್ಕಳು. ಯಾರೋ ಅವಸರದ ಗಿರಾಕಿಗೆ ಎಷ್ಟು ತಾಳ್ಮೆಯಿಂದ ಹೇಳುತ್ತಿದ್ದಾನೆ ಎಂದುಕೊಂಡಳು.

"ಹೂಂ ಸರ್... ತಿಂತಾರೆ. ನಿನ್ನೆ ನನ್ನ ಎದುರಿಗೇ ಪೂರ್ತಿ ಬನ್ ತಿಂದ್ರು."

ಬಂಪರಿಗೆ ಹಚ್ಚಿದ ಪುಟ್ಟಿ ಬನ್ ತಿನ್ನುವುದಿಲ್ಲ.

ಅವಳ ನಗು ನಿಧಾನವಾಗಿ ಇಳಿಯಿತು. ಅವನು ಫೋನ್ ಇಟ್ಟು ತಿರುಗಿದ. ನೀರಿನ ಬಾಟಲಿ ಹಿಡಿದು ನಿಂತವಳನ್ನು ನೋಡಿ, ಕೇಳಿಸಿತಾ ಎಂದು ಕೇಳುವ ಅಗತ್ಯವೇ ಅವನಿಗೆ ಬರಲಿಲ್ಲ.

"ನಮ್ಮಣ್ಣನಾ?"

"ಹೂಂ."

"ಅವನು ಕಳಿಸಿದ್ದಾ ನಿಮ್ಮನ್ನ?"

"ಹೂಂ."

"ದುಡ್ಡು ಕೊಟ್ಟಿದಾನಾ?"

ಅವನು ಸುಳ್ಳು ಹೇಳಬಹುದಿತ್ತು. "ಕೊಟ್ಟಿದಾರೆ" ಎಂದ.

ನಡೆದದ್ದು ಇಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಣ್ಣ ಉಪಾಯ ಮಾಡಿದ್ದ. ಅವಳನ್ನು ವಾಪಸ್ ಕಳಿಸಿದ ಶಾಪು ಯಾವುದೆಂದು ವಿಚಾರಿಸಿ ಅಲ್ಲಿಗೆ ಹೋಗಿದ್ದ. ತಂಗಿ ಶಾಪಿಗೆ ಕೊಡುವುದಿಲ್ಲವಲ್ಲ, ಶಾಪನ್ನೇ ತಂಗಿಯ ಬಳಿ ಕಳಿಸಿದರಾಯಿತು. ತಂಗಿ ತಾನೇ ಮಾಡಿದೆ ಎಂದುಕೊಳ್ಳಲಿ. ಅಣ್ಣನ ಪಾಲಿಗೆ ಅದೂ ಪ್ರೀತಿಯೇ.

ಅವಳು ಆ ಬಂಪರಿನ ತುದಿಯನ್ನು ನೋಡಿದಳು. ಇಷ್ಟು ಸಂಜೆ ಆ ತುದಿಯನ್ನು ಹಿಡಿದಿದ್ದ ಕೈ ಕೂಲಿಯದು. ಆ ಬನ್ನೂ, ಆ ಮೌನವೂ, 'ಕಮ್ಮಿ ಆಗಿದ್ದನ್ನ ಕಟ್ಟಬಹುದು' ಎಂಬ ಮಾತೂ... ಎಲ್ಲದಕ್ಕೂ ಅಣ್ಣ ದುಡ್ಡು ಕೊಟ್ಟಿದ್ದ. ತನ್ನದೇ ಎಂದುಕೊಂಡ ಒಂದೇ ಒಂದು 'ಬೇಕು' ಕೂಡ ಮನೆಯವರು ಸೇರಿ ಮಾಡಿಕೊಟ್ಟದ್ದಾಯಿತು.

"ಹೋಗಿ" ಎಂದಳು.

"ಒಂದು ನಿಮಿಷ ನಾನು..."

"ಹೋಗಿ ಅಂದೆ."

ಅವನು ಹೋದ. ಹೋಗುವಾಗ ತನ್ನ ಟಾರ್ಚು ಬಿಟ್ಟುಹೋದ. ಮರೆತಿದ್ದಲ್ಲ, ಅವಳಿಗೆ ಬೇಕಾಗುತ್ತದೆ ಎಂದು ಬಿಟ್ಟದ್ದು.

ಅವಳು ಮನೆಗೆ ಹೋಗಿ ಅಣ್ಣನಿಗೆ ಒಂದೇ ಮಾತು ಕೇಳಿದಳು. ನನ್ನ ಕೈಲಿ ಆಗಲ್ಲ ಅಂತ ನಿನಗೂ ಅನ್ನಿಸಿತಾ? ಅತ್ತಿಗೆ ಏನೋ ಹೇಳಲು ಬಂದಾಗ ಅವಳ ಗಂಟಲಿನಿಂದ ಒಂದು ದನಿ ಬಂತು. ದೊಡ್ಡದು. ಮನೆಯವರೆಲ್ಲ ಬೆಚ್ಚಿದರು, ಎಲ್ಲರಿಗಿಂತ ಹೆಚ್ಚು ಅವಳೇ ಬೆಚ್ಚಿದಳು. ಅದು ತನ್ನದೇ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

* * *

ಆಮೇಲಿನ ಸಂಜೆಗಳಲ್ಲಿ ಅವಳು ಒಬ್ಬಳೇ ಕೆಲಸ ಮಾಡಿದಳು.

ಒಣಗಿದ ಪುಟ್ಟಿಯನ್ನು ತಿಕ್ಕಿ ನಯ ಮಾಡಿದಳು. ಪಕ್ಕೆಗಳನ್ನು ಮೊದಲು ಅಂಟುಪಟ್ಟಿಯಲ್ಲಿ ನಿಲ್ಲಿಸಿ, ಗುರುತು ಹಾಕಿ, ಆಮೇಲೆ ಸ್ಕ್ರೂ ಬಿಗಿದಳು. ಬಂಪರಿಗೆ ಅಡುಗೆಮನೆಯ ಸ್ಟೂಲು ತಂದಳು, ಎತ್ತರ ಸಾಲದೆ ಅದರ ಮೇಲೆ ಎರಡು ದಿಂಬು ಇಟ್ಟಳು. ದಿಂಬಿನ ಮೇಲೆ ಆ ತುದಿಯನ್ನು ಮಲಗಿಸಿ ಈ ತುದಿಯನ್ನು ಎತ್ತಿದಳು. ಎಷ್ಟೋ ಸಲ ಜಾರಿತು. ಜಾರಿದಾಗಲೆಲ್ಲ ಬಯ್ದಳು. ಬಂಪರನ್ನಲ್ಲ, ಅವನನ್ನು.

ಕೊನೆಗೊಮ್ಮೆ ಟಕ್ ಎಂದು ಕ್ಲಿಪ್ಪು ಕೂತಿತು. ಎರಡೂ ತುದಿ ಮಡ್‌ಗಾರ್ಡಿಗೆ ಒಂದೇ ಸಮ ಸೇರಿದವು. ಒಬ್ಬರಿಂದ ಆಗೋ ಕೆಲಸ ಅಲ್ಲ ಎಂದಿದ್ದ. ಆಯಿತು!

ಅವಳು ಹಿಂದಕ್ಕೆ ಸರಿದು ನಿಂತು ನೋಡಿದಳು. ಖುಷಿಯಾಗಬೇಕಿತ್ತು. ಖುಷಿಗಾಗಿ ಕಾದಳು. ಪಂಪು ಓಡುತ್ತಿತ್ತು, ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಖುಷಿಯ ಬದಲು, ಇದನ್ನು ಅವನಿಗೆ ತೋರಿಸಬೇಕು ಎನ್ನಿಸಿತು. ಮೂತಿಗೆ ಹಿಡಿದು ತೋರಿಸಬೇಕು. ಅದೂ ಒಂದು 'ಬೇಕು' ತಾನೇ ಎಂದು ಅವಳಿಗೆ ಕಾರು ಓಡಿಸಿಕೊಂಡು ಹೋಗುವಾಗ ದಾರಿಯಲ್ಲಿ ಹೊಳೆಯಿತು. ಹೊಳೆದದ್ದು ಹಿಡಿಸಲಿಲ್ಲ, ಆದರೂ ಕಾರು ತಿರುಗಿಸಲಿಲ್ಲ.

ಅಂಗಡಿಯಲ್ಲಿ ಅವನು ಯಾವುದೋ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ. ಕಾರಿನ ಸದ್ದಿಗೆ ಬಣ್ಣದ ಗನ್ ಕೆಳಗಿಟ್ಟ. ಈ ಸಲ ಮಾಸ್ಕ್ ತೆಗೆದ.

ಕಾರಿನ ಸುತ್ತ ಬಂದ. ಬಂಪರ್ ಮತ್ತು ಮಡ್‌ಗಾರ್ಡಿನ ಸಂದಿನ ಮೇಲೆ ಬೆರಳು ಎಳೆದ. ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ.

"ಆ ಕಡೆ ಯಾರು ಹಿಡ್ಕೊಂಡ್ರು?"

"ಅಡುಗೆಮನೆ ಸ್ಟೂಲು. ಅದು ದುಡ್ಡು ಕೇಳಲಿಲ್ಲ."

ಅವನು ಆ ಮಾತನ್ನು ನುಂಗಿಕೊಂಡ. ಅವಳು ಗಿರಾಕಿಯ ದನಿಯಲ್ಲಿ, ಕಿಟ್ಟಿಗೆ ಬಣ್ಣ ಹಾಕಬೇಕು, ಗನ್ ತನ್ನ ಹತ್ತಿರ ಇಲ್ಲ, ಬಿಲ್ ತನ್ನ ಹೆಸರಿಗೇ ಬರಬೇಕು, ಅಣ್ಣನ ಹೆಸರಿಗೆ ಬಂದರೆ ಕಾರನ್ನು ಈಗಲೇ ಒಯ್ಯುತ್ತೇನೆ ಎಂದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ನಿಂತ.

"ಒಂದು ಹೇಳ್ತೀನಿ. ಕೇಳಿದ ಮೇಲೆ ಬೇಕಾದ್ರೆ ಹೋಗಿ."

ಅವಳು ಹೋಗಲಿಲ್ಲ.

"ನಿಮ್ಮಣ್ಣ ಕೊಟ್ಟ ದುಡ್ಡು ವಾಪಸ್ ಕೊಟ್ಟೆ ಅಂತ ಹೇಳಿ ದೊಡ್ಡವನಾಗಲ್ಲ. ಅದು ಖರ್ಚಾಗಿದೆ, ಅಂಗಡಿ ಬಾಡಿಗೆಗೆ. ಆದರೆ ಅವರು ಕೊಟ್ಟಿದ್ದು ಒಂದು ಸಂಜೆಗೆ. ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಕಾರು ಮೈಮೇಲೆ ಬೀಳಿಸ್ಕೊಂಡಾಳು ಅಂದ್ರು, ಅಷ್ಟೇ. ಮೊದಲ ದಿನ ದುಡ್ಡಿಗೆ ಬಂದೆ. ಆಮೇಲೆ ಬಂದಿದ್ದಕ್ಕೆಲ್ಲ ಯಾರೂ ದುಡ್ಡು ಕೊಟ್ಟಿಲ್ಲ."

"ಆಮೇಲೆ ಯಾಕೆ ಬಂದ್ರಿ?"

"ಬಾರದೆ ಇರೋಕೆ ಆಗಲಿಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ಹೋಗಿ ಅಂತಿದ್ರಿ."

"ಅಂದೆ."

"ಅಂದ್ರಿ" ಎಂದು ಅವನು ಒಪ್ಪಿದ.

ಅವನು ಗೋಡೆಯಲ್ಲಿ ತೂಗುಹಾಕಿದ್ದ ಬಣ್ಣದ ಪಟ್ಟಿಗಳನ್ನು ತಂದು ಬಾನೆಟ್ ಮೇಲೆ ಹರಡಿದ, ಯಾವ ಬಣ್ಣ ಎಂದು ಕೇಳಿದ. ಕಾರಿನ ಬಿಳಿಗೆ ಹೊಂದಲೇಬೇಕಾ ಎಂದಳು ಅವಳು. ಹೊಂದಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ್ದು ಹೇಳಿ ಎಂದ.

ಅವಳ ಕೈ ಪಟ್ಟಿಗಳ ಮೇಲೆ ಓಡಾಡಿತು. ಒಂದು ಕಡು ಕಿತ್ತಳೆಯ ಮೇಲೆ ನಿಂತಿತು. ಆ ಮನೆಯವರು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಮ್ಮ ಕೂಡ ಮುಚ್ಚಿಕೊಳ್ಳುತ್ತಾಳೆ, ಅದು ಬೇರೆ ವಿಷಯ. ಅವಳು ಬೆರಳು ತೆಗೆಯಲಿಲ್ಲ.

"ನನಗೆ ಸಿಟ್ಟು ಬಂದಿದೆ" ಎಂದಳು.

"ಗೊತ್ತು."

"ನಿಮಗೆ ಗೊತ್ತಿಲ್ಲ. ಮೂರು ವರ್ಷ ಕಾಯಿಸಿ ಬೇಡ ಅಂದವನ ಮೇಲೆ ಕೂಡ ಬರಲಿಲ್ಲ. ಏನೂ ಬರಲಿಲ್ಲ ನನಗೆ, ಕಲ್ಲಿನ ಹಾಗಿದ್ದೆ. ಈಗ ನಿಮ್ಮ ಮೇಲೆ ಬಂದಿದೆ. ಬೆಳಗ್ಗೆ ಏಳ್ತಿದ್ದ ಹಾಗೆ ಬರುತ್ತೆ. ಲ್ಯಾಬಿನಲ್ಲಿ ಕೂತಾಗ ಬರುತ್ತೆ. ಊಟಕ್ಕೆ ಕೂತಾಗ ಬರುತ್ತೆ. ಸಂಜೆ ಪಾರ್ಕಿಂಗಿಗೆ ಇಳಿದಾಗಂತೂ... ಎಷ್ಟು ಬರುತ್ತೆ ಗೊತ್ತಾ?"

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಕೆನ್ನೆಯ ಮೇಲೆ ಏನೋ ಬಿಸಿಯಾಗಿ ಇಳಿಯಿತು. ಅವಳು ಮುಟ್ಟಿ ನೋಡಿಕೊಂಡಳು, ಬೆರಳು ಒದ್ದೆಯಾಗಿತ್ತು. ಇದು ಅಮ್ಮ ಅತ್ತದ್ದಲ್ಲ, ತನ್ನದು.

ಅವನು ಹತ್ತಿರ ಬರಲಿಲ್ಲ, ಕಣ್ಣೀರು ಒರೆಸಲು ಹೋಗಲಿಲ್ಲ. ಅವಳು ಅತ್ತು ಮುಗಿಸುವ ತನಕ ನಿಂತ. ಆಮೇಲೆ ಕೇಳಿದ.

"ಸಿಟ್ಟು ಮಾತ್ರನಾ?"

"ಸದ್ಯಕ್ಕೆ ಅಷ್ಟೇ ಗೊತ್ತಾಗ್ತಿರೋದು. ಬೇರೆ ಏನಾದ್ರೂ ಇದ್ರೆ ಇನ್ನೂ ತಿಳೀತಿಲ್ಲ."

"ನನಗೆ ನನ್ನದು ತಿಳಿದಿದೆ. ನೀವು ಅಂದ್ರೆ ಇಷ್ಟ ನನಗೆ. ತುಂಬಾ."

"ನಾನಿನ್ನೂ ಸರಿ ಹೋಗಿಲ್ಲ."

"ಸರಿ ಮಾಡೋಕೆ ನಾನು ಬರಲ್ಲ. ದಿನವೂ ಅದೇ ಕೆಲಸ ಮಾಡಿ ಸಾಕಾಗಿದೆ. ಸುಮ್ಮನೆ ಜೊತೆಗಿರ್ತೀನಿ."

ಅವಳು ಮೂಗು ಒರೆಸಿಕೊಂಡು ಕಾರಿನ ಕೀ ಅವನ ಕೈಗೆ ಕೊಟ್ಟಳು. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವನ ಬೆರಳು ಒರಟಾಗಿದೆ, ಬೆಚ್ಚಗಿದೆ ಎಂದು ಅವಳಿಗೆ ಗೊತ್ತಾಯಿತು.

"ನಾಳೆಯೂ ಸಿಟ್ಟು ಇರುತ್ತಾ?" ಎಂದು ಅವನು ಕೇಳಿದ.

"ಇರುತ್ತೆ."

"ಹಾಗಾದ್ರೆ ನಾಳೆಯೂ ಬನ್ನಿ."

"ಕಾರು ಇಲ್ಲೇ ಇರುತ್ತಲ್ಲ, ನಡ್ಕೊಂಡು ಬರ್ಬೇಕು."

"ನಾನೇ ಬಂದು ಕರ್ಕೊಂಡು ಬರ್ಲಾ?"

ಅವಳು ಬಾಗಿಲವರೆಗೆ ಹೋದವಳು ನಿಂತಳು. ಯೋಚಿಸಿದಳು. ಆಮೇಲೆ ತಿರುಗಿ ಹೇಳಿದಳು.

"ಅರ್ಧ ದಾರಿಗೆ ಬನ್ನಿ. ಅಲ್ಲೀವರೆಗೂ ನಾನೇ ಬರ್ತೀನಿ."